ಕಾಣಿಸುವೆನೆಂಬ ಕರಾರು

ಕಡಲಂಚಿನ ನಡಿಗೆಯೂ ಈಗ ಒಂದು ವ್ಯಾಪಾರವಾಗಿದೆ. ವ್ಯಾಪಾರವಾಯಿತೆಂಬ ಮಾತ್ರಕ್ಕೆ ಅದನ್ನು ಹಳಿಯಬೇಕಾದುದಿಲ್ಲ. ದಾರಿ ಬಲ್ಲವನು ದಾರಿ ತೋರಿಸಿ ಕೂಲಿ ಪಡೆಯುವದು ನ್ಯಾಯವೇ ಸರಿ. ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ಕಳೆದು, ತದಡಿಯಲ್ಲಿ ಅಘನಾಶಿನಿಯನ್ನು ದೋಣಿಯಿಂದ ದಾಟಿ, ಕುಮಟೆಯ ವರೆಗೆ ಬಂಡೆಗುಡ್ಡಗಳನ್ನು ಏರಿಳಿದು ನಡೆಯುವ ಪರಸ್ಥಳದವನಿಗೆ ಮಾರ್ಗದರ್ಶಿಯು ಬೇಕೇ ಬೇಕು. ಪಾಚಿಗಟ್ಟಿದ ಕಲ್ಲು ಎಲ್ಲಿ ಜಾರುವದು, ಭರತದ ನೀರು ಯಾವ ಹೊತ್ತಿಗೆ ದಾರಿಯನ್ನು ಮುಚ್ಚುವದು ಎಂಬುದನ್ನು ಅವನು ತಾನಾಗಿ ಅರಿಯಲಾರನು. ಆಕ್ಷೇಪಣೆಯಿರುವದು ಕೂಲಿಗಲ್ಲ, ಕರಾರಿಗೆ. "ಡಾಲ್ಫಿನ್ನುಗಳನ್ನು ಕಾಣಿಸಿಯೇ ತೀರುವೆವು" ಎಂದು ಹಣ ಕೈಗೆ ಬರುವ ಮೊದಲೇ ಕೊಡುವ ಆ ಒಂದು ಮಾತೇ ಉಳಿದೆಲ್ಲ ಕೇಡಿಗೆ ಮೂಲವಾಗಿದೆ.

ಪ್ರಾಣಿಯೇನು ಆ ಕರಾರಿಗೆ ಸಹಿ ಹಾಕಿದೆಯೆ? ಅದು ತನ್ನ ಇಚ್ಛೆಯಿಂದ ಬಾರದಿದ್ದರೆ ಮಾತು ಕೊಟ್ಟವನು ಅದನ್ನು ಅಟ್ಟಿಕೊಂಡು ಹೋಗಲೇಬೇಕಾಗುವದು. ಈ ಕರಾವಳಿಯ ಗೂನುಬೆನ್ನಿನ ಡಾಲ್ಫಿನ್ ಆಳಗಡಲಿನ ಪ್ರಾಣಿಯಲ್ಲ. ದಂಡೆಗೆ ಸಮೀಪದ ತೆಳುನೀರೂ ಅಳಿವೆಬಾಯಿಗಳೂ ಅದರ ಮನೆ. ಯಂತ್ರದ ದೋಣಿಯು ಬೆನ್ನು ಹತ್ತಿದರೆ ಅದು ಓಡುವದಾದರೂ ಎಲ್ಲಿಗೆ? ಶ್ವಾಸಕ್ಕಾಗಿ ಮತ್ತೆ ಮತ್ತೆ ಮೇಲೆ ಬರದೆ ಗತಿಯಿಲ್ಲ. ಕದಡಿದ ನೀರಿನಲ್ಲಿ ಅದು ಬೇಟೆಯನ್ನು ಹುಡುಕುವದು ಕಣ್ಣಿಗಿಂತ ಹೆಚ್ಚಾಗಿ ಧ್ವನಿಯ ಆಧಾರದಿಂದ. ಮರಿಯೂ ತಾಯಿಯೂ ಒಂದನ್ನೊಂದು ಗುರುತಿಸುವದೂ ಧ್ವನಿಯಿಂದಲೇ. ನಾಲ್ಕು ದೋಣಿಗಳ ಗದ್ದಲದಲ್ಲಿ ಅದು ಹೆಚ್ಚು ಕಡಿಮೆ ಕುರುಡಾದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹುಲಿಯನ್ನಿರಿಸಿದ ಮೊದಲನೆಯ ಪರಿಚ್ಛೇದದಲ್ಲಿಯೇ ಡಾಲ್ಫಿನ್ನನ್ನೂ ಇರಿಸಿದೆ. ಕಾಡಿನಲ್ಲಿ ಹುಲಿಯನ್ನು ನಾಲ್ಕು ಬಂಡಿಗಳು ಸುತ್ತುಗಟ್ಟಿದರೆ ಪತ್ರಿಕೆಗಳಲ್ಲಿ ಕೋಲಾಹಲವೇಳುವದು. ಕಡಲಿನಲ್ಲಿ ಅದೇ ಕೃತ್ಯಕ್ಕೆ ಚಪ್ಪಾಳೆ!

ಇನ್ನು ಕಾಲಬುಡದಲ್ಲಿಯೇ ಇರುವ ಜೀವಲೋಕದ ಗತಿಯೇನು? ಇಳಿತದಲ್ಲಿ ಬಂಡೆಗಳ ಕುಳಿಗಳಲ್ಲಿ ನಿಂತ ಮೊಳದಗಲದ ನೀರು ಒಂದು ಪಟ್ಟಣಕ್ಕೆ ಸಮಾನ. ಹೂವಿನಂತೆ ಅರಳಿ, ಬೆರಳು ಸೋಕಿದೊಡನೆ ಮುದುಡುವ ಪ್ರಾಣಿಯಲ್ಲಿದೆ. ಕಲ್ಲನ್ನು ಕಚ್ಚಿ ಹಿಡಿದು ಅಲೆಯ ಪೆಟ್ಟನ್ನು ಸಹಿಸುವ ಚಿಪ್ಪಿನ ಹುಳುವಿದೆ. ಸತ್ತ ಶಂಖದ ಚಿಪ್ಪನ್ನು ಹೊಕ್ಕು, ಬೆಳೆದಂತೆ ಹಳೆಯ ಮನೆ ಬಿಟ್ಟು ದೊಡ್ಡ ಮನೆ ಹುಡುಕುವ ಸನ್ಯಾಸಿ ಏಡಿಯಿದೆ. (ಸನ್ಯಾಸಿಯೆಂಬ ಹೆಸರು ಈ ಮನೆವಾರ್ತೆಗಾರನಿಗೆ ಹೇಗೆ ಬಂತೋ!) ಯಾತ್ರಿಕನು ನೆನಪಿಗೆಂದು ಆಯ್ದೊಯ್ಯುವ ಬರಿಯ ಚಿಪ್ಪು ಈ ಏಡಿಯ ನಾಳಿನ ವಸತಿ. ಕುಳಿಯೊಳಗಿನ ಕಲ್ಲನ್ನು ಮಗುಚಿ ನೋಡಿ ಹಾಗೆಯೇ ಬಿಟ್ಟು ಹೋದರೆ, ಅದರ ಅಡಿಯಲ್ಲಿ ನೆಳಲನ್ನು ನೆಚ್ಚಿದ್ದ ಜೀವಗಳೆಲ್ಲ ಬಿಸಿಲಿಗೆ ಒಣಗುವವು. ಇದನ್ನು ಮಾರ್ಗದರ್ಶಿ ಹೇಳದಿದ್ದರೆ ಹೇಳುವವರಾರು? ದೂರದ ಡಾಲ್ಫಿನ್ನಿಗಾಗಿ ಕೈಗಡಿಯಾರ ನೋಡುತ್ತ ಜನರನ್ನು ಅವಸರಪಡಿಸುವವನಿಗೆ ಈ ಕುಳಿಗಳು ಬರಿಯ ಅಡ್ಡಿಗಳೇ.

ಬಲ್ಲವರು ಇಲ್ಲವೆಂದಲ್ಲ. ಅಮಾವಾಸ್ಯೆ-ಹುಣ್ಣಿಮೆಗಳ ಹಿಂದುಮುಂದಿನ ದಿನಗಳಲ್ಲಿ ನೀರು ಬಹಳ ದೂರ ಸರಿಯುವದೆಂದೂ, ಭರತವು ದಿನಕ್ಕೆ ಸುಮಾರು 50 ನಿಮಿಷ ತಡವಾಗುವದೆಂದೂ ಈ ತೀರದ ಹರಿಕಂತ್ರರಿಗೂ ಅಂಬಿಗರಿಗೂ ಪುಸ್ತಕವಿಲ್ಲದೆಯೇ ತಿಳಿದಿದೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತು ಕಾಯ್ದು ಬಳಚು ಆಯುವ ಹೆಂಗಸರಿಗೆ ಕೆಸರಿನ ಪ್ರತಿಯೊಂದು ಮೊಳವೂ ಪರಿಚಿತ. ಆ ಅಳಿವೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಕಣ್ಣಿಗೆ ಬಿದ್ದಿತು. ಅದನ್ನು ಬಲ್ಲ ಈ ಹೆಂಗಸರು ಮಾತ್ರ ನಡಿಗೆಯವರ ಛಾಯಾಚಿತ್ರಗಳಲ್ಲಿ ಹಿನ್ನೆಲೆಯಾಗಿಯೇ ಉಳಿದರು. ಇವರನ್ನು ಬದಿಗಿರಿಸಿ, ಭರತ-ಇಳಿತಗಳ ಗಂಧವಿಲ್ಲದವರಿಗೆ ಮಾರ್ಗದರ್ಶಿಯ ಅಂಗಿ ತೊಡಿಸುವದು ಯಾವ ಬಗೆಯ ವಿವೇಕವು?

ಕರಾರು ಇಲ್ಲದಿದ್ದರೆ ಗಿರಾಕಿಯು ಬಾರನೆಂದು ವಾದಿಸುವವರುಂಟು. ಹಾಗಾದರೆ ಮೀನುಗಾರನನ್ನು ನೋಡಲಿ. ಮೀನಿನ ಸಂತಾನಕ್ಕೆ ಎಡೆಯಾಗಲೆಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಯು ನಿಂತಿರುತ್ತದೆ. ಹೊಟ್ಟೆಯ ಪಾಡಿಗಾಗಿ ಕಡಲಿಗಿಳಿಯುವವನು ಎರಡು ತಿಂಗಳ ಕಟ್ಟನ್ನು ಹೊರುವನು; ವಿನೋದಕ್ಕಾಗಿ ಇಳಿಯುವವರು ಡಾಲ್ಫಿನ್ ಕಂಡೊಡನೆ ದೂರದಲ್ಲಿ ಯಂತ್ರ ನಿಲ್ಲಿಸಿ ಕಾಲು ಗಂಟೆ ಸುಮ್ಮನಿರಲಾರರೆಂದರೆ ನಂಬುವದು ಕಷ್ಟ. ದೇವಾಲಯದಲ್ಲಿ ಬಾಗಿಲು ತೆರೆಯುವ ವರೆಗೆ ಸಾಲಿನಲ್ಲಿ ನಿಲ್ಲುವ ಜನವೇ ಇದು. "ಇಂದು ಕಂಡರೆ ಕಂಡೀತು, ಕಾಣದಿದ್ದರೆ ಇಲ್ಲ, ಬಂಡೆಯ ಕುಳಿಗಳನ್ನಂತೂ ತೋರಿಸುವೆವು" ಎಂದು ಫಲಕ ಬರೆಯಿಸಿ ಒಂದು ಋತುವಾದರೂ ನಡೆಸಿ ನೋಡದೆ, ಗಿರಾಕಿಯು ಬಾರನೆಂದು ಇವರು ತಿಳಿದದ್ದು ಎಲ್ಲಿಂದ?