ಕೊಬ್ಬರಿ ಹರಾಜು ಮತ್ತು ಅಂತಾರಾಷ್ಟ್ರೀಯ ಸಂಬಂಧಗಳ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬೆಳೆಗಾರರು ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇರಿಸುತ್ತಾರೆ. ಕಾಯಿ ಅಟ್ಟಕ್ಕೇರಿದ ದಿನದ ಧಾರಣೆಯೇ ಕೊಬ್ಬರಿ ಹರಾಜಿಗೆ ಬರುವ ದಿನವೂ ಇರುತ್ತದೆಂಬ ಭರವಸೆ ಯಾರಿಗೂ ಇಲ್ಲ. ಆ ನಡುವೆ ದೆಹಲಿಯ ಒಂದು ಅಧಿಸೂಚನೆ ಅಥವಾ ಜಕಾರ್ತದ ಒಂದು ತೀರ್ಮಾನ ಖಾದ್ಯತೈಲದ ಮಾರುಕಟ್ಟೆಯನ್ನೇ ಅಲುಗಿಸಬಲ್ಲದು. ಆದರೂ ಇದೇ ಸೀಮೆಯ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಓದುವ ಬೆಳೆಗಾರರ ಹಾಗೂ ವರ್ತಕರ ಮಕ್ಕಳಿಗೆ ಅಂತಾರಾಷ್ಟ್ರೀಯ ಸಂಬಂಧಗಳ ಸಿದ್ಧಾಂತಗಳು ಪರೀಕ್ಷೆಗೆ ಕಂಠಪಾಠ ಮಾಡುವ ಹೆಸರುಗಳಾಗಿಯೇ ಉಳಿಯುವ ಅಪಾಯವಿದೆ.

ಇದಕ್ಕೆ ಕಾರಣವಿಲ್ಲದಿಲ್ಲ. ಮೊದಲ ಮಹಾಯುದ್ಧದ ತರುವಾಯ, 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ ಈ ವಿಷಯದ ಮೊದಲ ಅಧ್ಯಯನ ಪೀಠ ಸ್ಥಾಪನೆಯಾಯಿತು. ಅಂದಿನಿಂದ ಪಠ್ಯಗಳ ಉದಾಹರಣೆಗಳು ಬಹುಪಾಲು ಯುರೋಪಿನ ಯುದ್ಧಗಳು ಮತ್ತು ಶೀತಲ ಸಮರದಿಂದಲೇ ಬಂದಿವೆ. ತೆಂಗು ಸೀಮೆಯ ವಿದ್ಯಾರ್ಥಿಗೆ ಅವು ಪರರ ಕಥೆಯಾಗಿ ತೋರಿದರೆ ಅಚ್ಚರಿಯಿಲ್ಲ. ಪಾಠವನ್ನು ಹರಾಜು ಕಟ್ಟೆಯಿಂದಲೇ ಆರಂಭಿಸುವುದು ಇದಕ್ಕೆ ತಕ್ಕ ಪರಿಹಾರ.

2019ರ ಸೆಪ್ಟೆಂಬರ್‌ನಲ್ಲಿ ಮಲೇಷಿಯಾದ ಅಂದಿನ ಪ್ರಧಾನಿ ಮಹಾತಿರ್ ಮೊಹಮದ್ ವಿಶ್ವಸಂಸ್ಥೆಯಲ್ಲಿ ಕಾಶ್ಮೀರದ ಬಗ್ಗೆ ಆಡಿದ ಮಾತು ಭಾರತಕ್ಕೆ ಹಿಡಿಸಲಿಲ್ಲ. 2020ರ ಜನವರಿ 8ರಂದು ಭಾರತವು ಸಂಸ್ಕರಿಸಿದ ತಾಳೆ ಎಣ್ಣೆಯ ಆಮದಿಗೆ ನಿರ್ಬಂಧ ಹೇರಿತು. ಅಧಿಸೂಚನೆಯಲ್ಲಿ ಯಾವ ದೇಶದ ಹೆಸರೂ ಇರಲಿಲ್ಲ; ಉದ್ದೇಶವನ್ನು ಮಾರುಕಟ್ಟೆ ತಾನೇ ಊಹಿಸಿತು. ರಾಷ್ಟ್ರಗಳು ತಮ್ಮ ಬಲ ಮತ್ತು ಹಿತವನ್ನೇ ಮೊದಲು ನೋಡುತ್ತವೆ ಎಂಬ ವಾಸ್ತವವಾದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. 2022ರ ಏಪ್ರಿಲ್ 28ರಿಂದ ಮೇ 23ರವರೆಗೆ ಇಂಡೋನೇಷಿಯಾ ತನ್ನ ಜನರಿಗೆ ಅಡುಗೆ ಎಣ್ಣೆ ಸಾಲದೆಂದು ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿದ್ದೂ ಇದೇ ಬಗೆಯದು.

ಆದರೆ ಅದೇ ಇಂಡೋನೇಷಿಯಾ, ಭಾರತ ಮತ್ತಿತರ ತೆಂಗು ಬೆಳೆಯುವ ದೇಶಗಳು 1969ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ತೆಂಗು ಸಮುದಾಯದಲ್ಲಿ (ಹಿಂದಿನ ಏಷ್ಯಾ-ಪೆಸಿಫಿಕ್ ತೆಂಗು ಸಮುದಾಯ) ಒಟ್ಟಿಗೆ ಕುಳಿತಿವೆ. ಆಸಿಯಾನ್ ರಾಷ್ಟ್ರಗಳೊಡನೆ ಭಾರತ ಮಾಡಿಕೊಂಡ ಸರಕು ವ್ಯಾಪಾರ ಒಪ್ಪಂದ 2010ರ ಜನವರಿ 1ರಿಂದ ಜಾರಿಗೆ ಬರತೊಡಗಿತು. ಪರಸ್ಪರ ಅವಲಂಬನೆ ಮತ್ತು ಸಂಸ್ಥೆಗಳು ವೈರವನ್ನು ತಗ್ಗಿಸುತ್ತವೆ ಎಂಬ ಉದಾರವಾದವನ್ನು ಇಲ್ಲಿ ಪರೀಕ್ಷಿಸಬಹುದು. ಕಚ್ಚಾ ಪದಾರ್ಥ ಮಾರುವ ದೇಶ ಕ್ರಮೇಣ ಹಿಂದುಳಿಯುತ್ತದೆಂದು ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಷ್ 1950ರ ಸುಮಾರಿಗೆ ಮಂಡಿಸಿದ ವಾದವನ್ನು ತೆಂಗಿನ ಪುಡಿ, ನಾರು, ಚಿಪ್ಪಿನ ಇದ್ದಿಲಿನ ಉದ್ಯಮಿಗಳು ಪುಸ್ತಕವಿಲ್ಲದೆಯೇ ಬಲ್ಲರು.

1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ತೆಂಗು ಮತ್ತು ತಾಳೆ ಎಣ್ಣೆಗಳ ವಿರುದ್ಧ ಭಾರಿ ಪ್ರಚಾರ ನಡೆಯಿತು. ಸೋಯಾ ಬೆಳೆಗಾರರ ಸಂಘವೂ ಅದರಲ್ಲಿ ತೊಡಗಿತ್ತು. ಎಣ್ಣೆ ಬದಲಾಗಲಿಲ್ಲ, ಅದರ ಬಗೆಗಿನ ಭಾವನೆ ಬದಲಾಯಿತು. ಭಾವನೆಗಳೂ ರಾಷ್ಟ್ರಗಳ ನಡೆಯನ್ನು ರೂಪಿಸುತ್ತವೆ ಎನ್ನುವುದೇ ರಚನಾವಾದದ ತಿರುಳು.

ಈ ವಿದ್ಯೆ ಪೂರ್ತಿಯಾಗಿ ಹೊರಗಿನದೂ ಅಲ್ಲ. ನೆರೆಯ ರಾಜ್ಯಗಳ ಮೈತ್ರಿ-ವೈರಗಳನ್ನು ಮಂಡಲಗಳಾಗಿ ವಿಂಗಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಲೋಕಕ್ಕೆ ಮುದ್ರಿಸಿ ಕೊಟ್ಟವರು ಮೈಸೂರಿನ ಆರ್. ಶಾಮಾಶಾಸ್ತ್ರಿಗಳು.

ನಾಳಿನ ಧಾರಣೆಯನ್ನು ಯಾವ ಸಿದ್ಧಾಂತವೂ ಹೇಳದು, ಹಾಗಿರುವಾಗ ವರ್ತಕರಿಗೆ ಇದರ ಗೊಡವೆ ಏಕೆ ಎಂಬ ಆಕ್ಷೇಪಣೆ ಬರಬಹುದು. ಮೊದಲ ಮಾತು ನಿಜ. ಆದರೆ ಅಧಿಸೂಚನೆ ಹೊರಟ ಮೇಲೆ ಮನವಿ ಸಲ್ಲಿಸುವುದಕ್ಕೂ, ಮಾತುಕತೆ ನಡೆಯುವಾಗಲೇ ತಮ್ಮ ಹಿತವನ್ನು ಯುಕ್ತಿಯುಕ್ತವಾಗಿ ಮಂಡಿಸುವುದಕ್ಕೂ ಬಹಳ ಅಂತರವಿದೆ. ಆಸಿಯಾನ್ ಒಪ್ಪಂದದ ಪುನರ್‌ಪರಿಶೀಲನೆಗೆ ಉಭಯ ಪಕ್ಷಗಳೂ 2023ರಲ್ಲಿ ಸಮ್ಮತಿಸಿದವು. ಇಂತಹ ಸಂದರ್ಭದಲ್ಲಿ ತೆಂಗು ಸೀಮೆಯ ಪರವಾಗಿ ಮಾತನಾಡಬಲ್ಲವರು ಈ ಸೀಮೆಯಲ್ಲೇ ಸಿದ್ಧರಾಗಬೇಕು. ಎದುರು ಪಕ್ಷದ ಲೆಕ್ಕಾಚಾರ ತಿಳಿಯದೆ ತನ್ನ ಸರಕಿಗೆ ಬೆಲೆ ಕಟ್ಟುವ ವ್ಯಾಪಾರಿ ಎಲ್ಲಿಯೂ ಇಲ್ಲ.

ಇದು ಅಧ್ಯಾಪಕರೊಬ್ಬರಿಂದಲೇ ಆಗುವ ಕೆಲಸವಲ್ಲ. ವರ್ಷಕ್ಕೊಮ್ಮೆಯಾದರೂ ತುಮಕೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಯ ವಿದ್ಯಾರ್ಥಿಗಳನ್ನು ಎಪಿಎಂಸಿ ಪ್ರಾಂಗಣಕ್ಕೆ ಬರಮಾಡಿಕೊಂಡು, ಐದಾರು ವರ್ಷಗಳ ಧಾರಣೆಯ ಏರಿಳಿತವನ್ನು ವರ್ತಕರೇ ಅವರ ಮುಂದಿಡಬಹುದು. ಒಂದು ಏರಿಳಿತಕ್ಕೆ ಎರಡು ಸಿದ್ಧಾಂತಗಳಿಂದ ಕಾರಣ ಹುಡುಕಿ, ಎಲ್ಲಿ ಯಾವುದು ಸೋಲುತ್ತದೆಂದು ವಿದ್ಯಾರ್ಥಿಗಳು ಬರೆಯಲಿ. ಹಳೆಯ ಲೆಕ್ಕದ ಪುಸ್ತಕ ತೆರೆದಿಡುವುದರ ಹೊರತು ವರ್ತಕರಿಗೆ ಇದರಲ್ಲಿ ಬೇರೆ ಖರ್ಚಿಲ್ಲ.