ಇಂಚು, ಮಿಲಿಮೀಟರು ಮತ್ತು ಕೂಡುವೆಡೆಯ ಲೆಕ್ಕ

ಎರಡು ಅಳತೆಯ ಪದ್ಧತಿಗಳು ಒಂದೇ ಸಮಾಜದಲ್ಲಿ ಬಳಕೆಯಲ್ಲಿರುವುದು ತನ್ನಷ್ಟಕ್ಕೆ ದೋಷವಲ್ಲ. ಒಂದು ವಸ್ತು ಇನ್ನೊಂದರೊಳಗೆ ಕೂಡಬೇಕಾದ ಎಡೆಯಲ್ಲಿ ಮಾತ್ರ ಅದು ತೊಡಕಾಗುತ್ತದೆ. ಮುಳಬಾಗಿಲಿನಿಂದ ಸುಮಾರು 10 ಕಿಲೋಮೀಟರ್ ದೂರದ ಕುರುಡುಮಲೆಯಲ್ಲಿ ಸುಮಾರು 13 ಅಡಿ ಎತ್ತರದ ಏಕಶಿಲಾ ಗಣಪತಿಯಿದೆ ಎನ್ನುವವರು ದಾರಿಯನ್ನು ಒಂದು ಪದ್ಧತಿಯಲ್ಲಿಯೂ ವಿಗ್ರಹವನ್ನು ಇನ್ನೊಂದರಲ್ಲಿಯೂ ಅಳೆಯುತ್ತಾರೆ. ಆ ಎರಡೂ ಒಂದರೊಳಗೊಂದು ಕೂಡಬೇಕಾಗಿಲ್ಲದ ಕಾರಣ ಯಾರಿಗೂ ನಷ್ಟವಿಲ್ಲ. ಅದೇ ಮುಳಬಾಗಿಲಿನಲ್ಲಿ ಕುಳಿತು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಬೆಸೆಯುವ ಹವ್ಯಾಸಿಗೆ ಈ ವಿನಾಯಿತಿ ಇಲ್ಲ.

ಭಾರತವು 1956ರಲ್ಲಿ ಕಾನೂನು ಮಾಡಿ 1958ರಿಂದ ಮೆಟ್ರಿಕ್ ಪದ್ಧತಿಯನ್ನು ಜಾರಿಗೆ ತಂದರೂ ಮರಗೆಲಸದಲ್ಲಿ ಅಡಿಯೂ, ಕಬ್ಬಿಣದ ಅಂಗಡಿಯಲ್ಲಿ ಇಂಚಿನ ಎಂಟನೆಯ ಒಂದು ಭಾಗವಾದ 'ಸೂತ್' ಎಂಬುದೂ ಉಳಿದಿರುವುದಕ್ಕೆ ರೂಢಿಯೇ ಕಾರಣ. ಎಲೆಕ್ಟ್ರಾನಿಕ್ಸ್‌ನಲ್ಲಿ ಮಾತ್ರ ಇಂಚು ವಸ್ತುವಿನೊಳಗೇ ಅಚ್ಚಾಗಿದೆ: ಹಳೆಯ ಮಾದರಿಯ ಐಸಿಯ (ಇಂಟಿಗ್ರೇಟೆಡ್ ಸರ್ಕ್ಯೂಟ್) ಕಾಲುಗಳ ನಡುವಿನ ಅಂತರ ಇಂಚಿನ ಹತ್ತನೆಯ ಒಂದು ಭಾಗ, ಅಂದರೆ 2.54 ಮಿ.ಮೀ. ಇದನ್ನು 2.5 ಎಂದು ದುಂಡಾಗಿಸಿ ಮಂಡಲದ ಹಲಗೆಯಲ್ಲಿ ರಂಧ್ರ ಕೊರೆದರೆ ಎಂಟು ಕಾಲಿನ ಐಸಿ ಹೇಗೋ ಕೂತೀತು. ಒಂದೊಂದು ಬದಿಗೆ 20 ಕಾಲುಗಳಿರುವ ಐಸಿಯಲ್ಲಾದರೋ 19 ಅಂತರಗಳ ತಪ್ಪು ಕೂಡಿ, ಮೊದಲ ಕಾಲು ಸರಿಯಾಗಿ ಇಳಿದಾಗ ಕೊನೆಯದು ತನ್ನ ರಂಧ್ರದಿಂದ 0.76 ಮಿ.ಮೀ. ಆಚೆ ನಿಲ್ಲುತ್ತದೆ.

ಇದಕ್ಕಿಂತ ಮೋಸದ್ದು ಅಳತೆಯ ಘಟಕವನ್ನೇ ಹೇಳದ ಸಂಖ್ಯೆ. ಹಲಗೆಯ ಮೇಲ್ಮೈಗೇ ಬೆಸೆಯುವ ಪುಟ್ಟ ರೆಸಿಸ್ಟರಿನ '0603' ಎಂಬ ಹೆಸರು ಇಂಚಿನ ಸಂಕೇತವಾದರೆ ಸುಮಾರು 1.6 × 0.8 ಮಿ.ಮೀ. ಗಾತ್ರವನ್ನೂ, ಮೆಟ್ರಿಕ್ ಸಂಕೇತವಾದರೆ 0.6 × 0.3 ಮಿ.ಮೀ. ಗಾತ್ರವನ್ನೂ ಸೂಚಿಸುತ್ತದೆ. ಮೊದಲನೆಯದನ್ನು ಚಿಮುಟದಿಂದ ಹಿಡಿದು ಕೈಯಲ್ಲೇ ಬೆಸೆಯಬಹುದು, ಎರಡನೆಯದು ಉಸಿರಿಗೇ ಹಾರೀತು.

ಹಾಗೆಂದು ಇಂಚನ್ನು ಕಿತ್ತೆಸೆಯಬೇಕೆನ್ನುವ ವಾದ ನಿಲ್ಲದು. ಬ್ರೆಡ್‌ಬೋರ್ಡುಗಳೂ ಪಿನ್ನಿನ ಸಾಲುಗಳೂ ಇಂದಿಗೂ ಅದೇ 2.54 ಮಿ.ಮೀ. ಅಂತರಕ್ಕೆ ತಯಾರಾಗುತ್ತಿವೆ. ಇಂಚೇ ಮೇಲೆನ್ನುವುದೂ ಸಲ್ಲದು. 1959ರ ಒಪ್ಪಂದದಿಂದ ಒಂದು ಇಂಚು ಎಂದರೆ ನಿಖರವಾಗಿ 25.4 ಮಿ.ಮೀ. ಎಂದಾಗಿರುವಾಗ ಅದು ಮೀಟರಿನ ಆಸರೆಯಲ್ಲೇ ನಿಂತಿದೆ. ಆದ್ದರಿಂದ ನಕ್ಷೆಯನ್ನೆಲ್ಲ ಮಿಲಿಮೀಟರಿನಲ್ಲಿ ಬರೆದು, ಇಂಚಿನಲ್ಲಿ ಹುಟ್ಟಿದ ಅಂತರವನ್ನು ದುಂಡಾಗಿಸದೆ 2.54 ಎಂದೇ ಉಳಿಸಿ, ಪ್ರತಿ ಸಂಖ್ಯೆಯ ಮುಂದೆ ಘಟಕವನ್ನು ನಮೂದಿಸುವುದೇ ಸರಿಯಾದ ಕ್ರಮ. ಘಟಕವಿಲ್ಲದ ನಕ್ಷೆಯನ್ನು ಕೆಲಸಕ್ಕೆ ತೆಗೆದುಕೊಳ್ಳದೆ ಹಿಂದಿರುಗಿಸಬೇಕು.