ಮೆಟ್ಟಿಲೆಂಬ ದ್ವಾರಪಾಲಕ

ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಉಪಾಖ್ಯಾನವಿದೆ. ಎಂಟೆಡೆ ಡೊಂಕಾದ ದೇಹದಿಂದ ಜನಕರಾಜನ ವಿದ್ವತ್ಸಭೆಗೆ ಬಂದ ಅವನನ್ನು, ಇನ್ನೂ ಬಾಲಕನೆಂಬ ಕಾರಣದಿಂದ, ದ್ವಾರಪಾಲಕನು ಬಾಗಿಲಲ್ಲಿಯೇ ತಡೆದನು. ನರೆತ ಕೂದಲು ಹಿರಿತನದ ಪ್ರಮಾಣವಲ್ಲವೆಂದು ಅಷ್ಟಾವಕ್ರನು ವಾದಿಸಿದನು. ದ್ವಾರಪಾಲಕನು ಮಣಿದನು, ಬಾಲಕನು ಒಳಹೊಕ್ಕು ವಾದದಲ್ಲಿ ಗೆದ್ದನು.

ಇಂದಿನ ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ವಿಕಲಚೇತನ ವಿದ್ಯಾರ್ಥಿಯನ್ನು ತಡೆಯುವುದು ಮನುಷ್ಯನಲ್ಲ, ಮೆಟ್ಟಿಲು. ಮೆಟ್ಟಿಲಿಗೆ ಕಿವಿಯಿಲ್ಲ. ಎಂತಹ ಪ್ರತಿಭಾವಂತನ ವಾದವೂ ಅದನ್ನು ಮಣಿಸಲಾರದು.

ಶಾಸನವೇನೋ ಮುಂದೆ ಸಾಗಿದೆ. 1995ರ ಅಧಿನಿಯಮವು ಸರ್ಕಾರಿ ಹಾಗೂ ಅನುದಾನಿತ ವಿದ್ಯಾಸಂಸ್ಥೆಗಳಲ್ಲಿ ವಿಕಲಚೇತನರಿಗೆ ಶೇಕಡ 3 ಸ್ಥಾನಗಳನ್ನು ಮೀಸಲಿಟ್ಟಿತ್ತು. 2016ರ ಅಧಿನಿಯಮವು ಅಂತಹ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅದನ್ನು ಕನಿಷ್ಠ ಶೇಕಡ 5ಕ್ಕೆ ಏರಿಸಿ, ಕಟ್ಟಡಗಳು ಎಲ್ಲರ ಪ್ರವೇಶಕ್ಕೂ ಯೋಗ್ಯವಾಗಿರಬೇಕೆಂದು ವಿಧಿಸಿತು. 2017ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ಈ ಮೀಸಲಾತಿಯನ್ನು ಪಾಲಿಸಬೇಕೆಂದು ಆದೇಶಿಸಿತು. ಆದರೆ ಸ್ಥಾನವನ್ನಿತ್ತು ದಾರಿಯನ್ನೀಯದಿದ್ದರೆ, ಎಲೆ ಹಾಸಿ ಅನ್ನ ಬಡಿಸದಂತೆಯೇ ಸರಿ.

‘ಗೆಳೆಯರು ಎತ್ತಿಕೊಂಡು ಹೋಗುವರಲ್ಲವೆ?’ ಎನ್ನುವವರುಂಟು. ಗೆಳೆಯರ ಪ್ರೀತಿ ದೊಡ್ಡದು, ನಿಜ. ಆದರೆ ದಿನದಿನವೂ ಪರರ ತೋಳಿನಲ್ಲಿ ತರಗತಿಗೆ ಹೋಗಬೇಕಾದವನ ಸಂಕೋಚವನ್ನು ಬಲ್ಲವರಾರು? ‘ನಮ್ಮಲ್ಲಿ ಅಂತಹ ವಿದ್ಯಾರ್ಥಿಗಳೇ ಇಲ್ಲ’ ಎಂಬುದು ಇನ್ನೊಂದು ಸಮಾಧಾನ. ಒಳಬರಲು ದಾರಿಯೇ ಇಲ್ಲದೆಡೆ ಅವರು ಇರುವುದಾದರೂ ಹೇಗೆ?

ಪರಿಹಾರವು ಕಠಿಣವಲ್ಲ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ದಾರಿ ಬೇಕೆಂಬುದು ಒಪ್ಪಿತವಾದ ಅಳತೆ. ಅರ್ಧ ಅಡಿಯ ಮೂರು ಮೆಟ್ಟಿಲುಗಳಿದ್ದರೆ 18 ಅಡಿ ಸಾಕು. ಕಟ್ಟಿ ಮುಗಿದ ಮೇಲೆ ಜಾಗವಿಲ್ಲವೆಂದು ಕಡಿದಾಗಿ ನಿರ್ಮಿಸಿದ ಇಳಿಜಾರಿನಲ್ಲಿ ಗಾಲಿಕುರ್ಚಿ ಹಿಂದಕ್ಕೆ ಜಾರುತ್ತದೆ. ಅದು ಲೆಕ್ಕಕ್ಕುಂಟು, ಬಳಕೆಗಿಲ್ಲ. ಆದುದರಿಂದ ನಕ್ಷೆ ಬರೆಯುವಾಗಲೇ ದಾರಿಯನ್ನೂ ಬರೆಯಬೇಕು. ಅದು ಮುಂಬಾಗಿಲಿಗೇ ನಿಲ್ಲಬಾರದು. ಗ್ರಂಥಾಲಯ, ಪ್ರಯೋಗಾಲಯ, ವಿದ್ಯಾರ್ಥಿನಿಲಯ, ಶೌಚಾಲಯಗಳಿಗೂ ಮುಟ್ಟಬೇಕು.

ವಿದ್ಯಾದಾನಕ್ಕಾಗಿ ಕಟ್ಟಡ ಕಟ್ಟಿಸುವ ದಾನಿಗಳೂ, ಅದನ್ನು ನಡೆಸುವ ಅಧ್ಯಾಪಕರೂ ಅಡಿಗಲ್ಲಿಡುವ ಮುನ್ನ ಒಂದೇ ಪ್ರಶ್ನೆ ಕೇಳಿದರೆ ಸಾಕು: ಊರುಗೋಲು ಹಿಡಿದವನೂ ಗಾಲಿಕುರ್ಚಿಯಲ್ಲಿ ಕುಳಿತವಳೂ ಇಲ್ಲಿಗೆ ತಾವಾಗಿಯೇ ಬರಬಲ್ಲರೆ? ದಾನಿಯ ಹೆಸರು ಕೆತ್ತಿದ ಶಿಲಾಫಲಕವನ್ನು ಅವರೂ ಹತ್ತಿರ ಬಂದು ಓದುವಂತಾದ ದಿನ ಆ ದಾನವು ಪೂರ್ಣವಾದೀತು.